ಬಯಲಿನಿಂದ ಚಾವಡಿಗೆ ಬಂದ ತಂತಿ

ಉಡುಪಿ ಸೀಮೆಯ ಮನೆಯ ಚಾವಡಿಯಲ್ಲಿ ಎರಡು ಸ್ಪೀಕರು ಪೆಟ್ಟಿಗೆಗಳು ಗೋಡೆಯ ಎರಡು ಮೂಲೆಗಳಲ್ಲಿ ನಿಂತಿರುವುದನ್ನೂ, ಅವುಗಳ ಬೆನ್ನಿನಿಂದ ಹೊರಟ ಜೋಡಿ ತಂತಿಗಳು ಕೆಂಪು ನೆಲದ ಅಂಚನ್ನು ಹಿಡಿದು ಬಂದು ಆಂಪ್ಲಿಫಯರಿನ ಹಿಂಬದಿಯಲ್ಲಿ ಸೇರಿಕೊಳ್ಳುವುದನ್ನೂ ಕಂಡವರು, ಈ ಏರ್ಪಾಡೆಲ್ಲವೂ ಯಂತ್ರದ ಜತೆಯಲ್ಲಿಯೇ ಪರದೇಶದಿಂದ ಬಂದಿಳಿದುದೆಂದು ಭಾವಿಸುವುದು ಸಹಜವಾಗಿದೆ. ಯಂತ್ರದ ಮಟ್ಟಿಗೆ ಆ ಭಾವನೆ ನಿಜವೂ ಹೌದು. ಆದರೆ ತಂತಿಯನ್ನು ಎಷ್ಟು ದಪ್ಪವಿರುವಂತೆ ಆರಿಸಬೇಕು, ಯಾವ ದಾರಿಯಲ್ಲಿ ಎಳೆಯಬೇಕು, ಗಂಟನ್ನು ಹೇಗೆ ಬಿಗಿಯಬೇಕು, ಯಾವ ತುದಿ ಯಾವ ತುದಿಗೆ ಸೇರಬೇಕು ಎಂಬ ವಿದ್ಯೆಯು ನಮ್ಮ ಮನೆಗಳಿಗೆ ಬಂದ ಮಾರ್ಗವೇ ಬೇರೆ. ಅದು ಗದ್ದೆಯ ಬಯಲಿನಲ್ಲಿ ಇರುಳಿಡೀ ನಡೆಯುತ್ತಿದ್ದ ಯಕ್ಷಗಾನದ ಆಟಗಳಿಂದ, ದೇವಸ್ಥಾನದ ರಥಬೀದಿಗಳಿಂದ, ಮಾರಿಗುಡಿಯ ಜಾತ್ರೆಗಳಿಂದ, ಅಲ್ಲೆಲ್ಲ ಮೈಕ್ ಸೆಟ್ ಕಟ್ಟುತ್ತಿದ್ದ ಶ್ರಮಜೀವಿಗಳ ಕೈಯಿಂದ ಬಂದಿತು. ಗಾಯಕರ ಚರಿತ್ರೆಯೂ ವಾದ್ಯಗಳ ಚರಿತ್ರೆಯೂ ಬರೆಯಲ್ಪಟ್ಟಿವೆ. ಅವರ ಧ್ವನಿಯನ್ನು ಹೊತ್ತು ತಂದ ತಾಮ್ರದ ಎಳೆಗಳಿಗೂ, ಆ ಎಳೆಗಳನ್ನು ಹೆಣೆದ ಕೈಗಳಿಗೂ ಚರಿತ್ರೆಯಲ್ಲಿ ಸ್ಥಾನವಿರಬೇಕೆಂಬ ಹಂಬಲದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಧ್ವನಿವರ್ಧಕವು ಬರುವುದಕ್ಕಿಂತ ಮೊದಲು ಬಯಲಾಟದ ಭಾಗವತನು ತನ್ನ ಕಂಠಬಲವೊಂದನ್ನೇ ನಂಬಿಕೊಂಡಿರಬೇಕಾಗಿತ್ತು. ದೊಂದಿಯ ಬೆಳಕಿನಲ್ಲಿಯೂ ಅನಂತರ ಗ್ಯಾಸ್‌ಲೈಟಿನ ಬೆಳಕಿನಲ್ಲಿಯೂ ನಡೆಯುತ್ತಿದ್ದ ಆ ಪ್ರದರ್ಶನಗಳಲ್ಲಿ ಚೆಂಡೆಯ ನಾದವು ಹೊಳೆಯಾಚೆಯ ಊರಿಗೂ ಆಟದ ಸುದ್ದಿಯನ್ನು ಮುಟ್ಟಿಸುತ್ತಿತ್ತಾದರೂ, ಪದ್ಯದ ಸಾಹಿತ್ಯವು ಹಿಂದಿನ ಸಾಲಿನಲ್ಲಿ ಕುಳಿತ ಪ್ರೇಕ್ಷಕನಿಗೆ ಸ್ಪಷ್ಟವಾಗಿ ಕೇಳಬೇಕಾದರೆ ಭಾಗವತನು ಎತ್ತರದ ಶ್ರುತಿಯನ್ನು ಹಿಡಿಯದೆ ಗತ್ಯಂತರವಿರಲಿಲ್ಲ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಡೇರೆ ಮೇಳಗಳು ಬಲಿತು, ಟಿಕೇಟು ಕೊಂಡು ಒಳಬಂದ ಜನಸಮೂಹಕ್ಕೆ ಮಾತು ಮಾತೂ ಕೇಳಿಸಬೇಕೆಂಬ ನಿರ್ಬಂಧವುಂಟಾದಾಗ, ರಂಗಸ್ಥಳದ ಮೇಲೆ ಹಗ್ಗದಿಂದ ತೂಗಿದ ಮೈಕೂ ಭಾಗವತನ ಮುಂದೆ ನಿಲ್ಲಿಸಿದ ಇನ್ನೊಂದು ಮೈಕೂ ಆಟದ ಅವಿಭಾಜ್ಯ ಅಂಗಗಳಾದುವು. ಹರಕೆಯ ಬಯಲಾಟಗಳೂ ಬೇಗನೆ ಅದೇ ದಾರಿಯನ್ನು ಹಿಡಿದುವು. ಹೊಸ ಸೌಕರ್ಯದಿಂದ ಪರಂಪರೆಯ ಗಾಯನಕ್ರಮವು ಕೆಟ್ಟಿತೆಂದು ದುಃಖಿಸಿದವರು ಅನೇಕರು; ಅವರ ದುಃಖವನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಮೆಲುದನಿಯ ಆಲಾಪಕ್ಕೆ, ರಾಗದ ವಿಸ್ತಾರಕ್ಕೆ ಬಯಲಿನಲ್ಲಿ ಅವಕಾಶ ದೊರೆತುದು ಮೈಕಿನಿಂದಲೇ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಆ ಕಾಲದ ಮೈಕ್ ಸೆಟ್ಟಿನ ಸಾಮಗ್ರಿಗಳನ್ನು ನೆನೆಯಿರಿ: ವಾಲ್ವುಗಳ ಒಂದು ಆಂಪ್ಲಿಫಯರು, 1940ರಲ್ಲಿ ಸ್ಥಾಪಿತವಾದ ದೆಹಲಿಯ ಅಹುಜಾ ಸಂಸ್ಥೆಯಂಥವರು ತಯಾರಿಸಿದುದು, ವಿದ್ಯುತ್ತಿಲ್ಲದ ಊರುಗಳಿಗಾಗಿ 12 ವೋಲ್ಟಿನ ಬ್ಯಾಟರಿ, ತೆಂಗಿನ ಮರಕ್ಕೆ ಕಟ್ಟುವ ಲೋಹದ ಹಾರ್ನುಗಳು, ಇವೆಲ್ಲಕ್ಕಿಂತ ತೂಕವಾದ ತಂತಿಯ ಸುರುಳಿಗಳು. ಹಾರ್ನಿನ ಧ್ವನಿ ಮೈಕಿನೊಳಗೆ ಮರಳಿ ಹೊಕ್ಕರೆ ಸೆಟ್ಟು ಕೂಗಿಕೊಳ್ಳುವುದರಿಂದ ಹಾರ್ನನ್ನು ರಂಗಸ್ಥಳದಿಂದ ದೂರಕ್ಕೆ, ಬೆನ್ನು ತಿರುಗಿಸಿ ಕಟ್ಟಲೇಬೇಕಾಗಿತ್ತು. ಹಾಗಾಗಿ ಗದ್ದೆಯ ಹುಣಿಯ ಮೇಲೆ, ಅಡಕೆಮರದಿಂದ ಅಡಕೆಮರಕ್ಕೆ, ಕೆಲವೊಮ್ಮೆ ರಸ್ತೆಯನ್ನು ದಾಟಿ, ನೂರಾರು ಮೀಟರುಗಳ ತಂತಿಯನ್ನು ಎಳೆಯಬೇಕಾಗುತ್ತಿತ್ತು. ಇಲ್ಲಿಯೇ ವಿದ್ಯುಚ್ಛಾಸ್ತ್ರದ ಒಂದು ನಿಯಮವು ಶಾಲೆಯ ಮೆಟ್ಟಿಲನ್ನು ಕಾಣದವರಿಗೂ ಅನುಭವದಿಂದ ಗೋಚರವಾಯಿತು.

ತಾಮ್ರವು ವಿದ್ಯುತ್ತಿಗೆ ಸುಲಭವಾದ ಹಾದಿಯಾದರೂ ತೀರ ನಿರ್ಬಾಧವಾದ ಹಾದಿಯಲ್ಲ. ನಮ್ಮ ಅಂಗಡಿಗಳಲ್ಲಿ 23/36 ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ, ಅಂದರೆ 36ನೆಯ ಗೇಜಿನ 23 ಎಳೆಗಳನ್ನು ಹೆಣೆದು ಮಾಡಿದ ತಂತಿಯನ್ನು 200 ಮೀಟರು ದೂರದ ಹಾರ್ನಿಗೆ ಎಳೆದರೆ, ಹೋಗುವ ಎಳೆಯೂ ಬರುವ ಎಳೆಯೂ ಸೇರಿ 400 ಮೀಟರಾಗಿ, ಸುಮಾರು 10 ಓಮುಗಳ ಪ್ರತಿರೋಧವನ್ನು ಒಡ್ಡುತ್ತದೆ. ಹಾರ್ನಿನದೇ ಪ್ರತಿರೋಧ 8 ಓಮಾಗಿದ್ದರೆ ಆಂಪ್ಲಿಫಯರು ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ತಂತಿಯನ್ನು ಬೆಚ್ಚಗೆ ಮಾಡುವುದರಲ್ಲಿಯೇ ವ್ಯಯವಾಗುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೇ 100 ವೋಲ್ಟಿನ ಲೈನು: ಆಂಪ್ಲಿಫಯರಿನ ಬದಿಯಲ್ಲಿ ವೋಲ್ಟೇಜನ್ನು ಏರಿಸಿ, ಹಾರ್ನಿನ ಬುಡದಲ್ಲಿ ಸಣ್ಣದೊಂದು ಟ್ರಾನ್ಸ್‌ಫಾರ್ಮರಿನಿಂದ ಇಳಿಸುವುದು. ಆಗ 100 ವಾಟಿನ ಶಕ್ತಿಗೆ ತಂತಿಯಲ್ಲಿ ಹರಿಯಬೇಕಾದ ಪ್ರವಾಹವು ಮೂರೂವರೆ ಆಂಪಿಯರಿನಿಂದ ಒಂದು ಆಂಪಿಯರಿಗೆ ತಗ್ಗುವುದರಿಂದ, ಅದೇ ತಂತಿಯಲ್ಲಿ ನಷ್ಟವಾಗುವ ಪಾಲು ಹತ್ತರಲ್ಲೊಂದಕ್ಕಿಂತಲೂ ಕಡಿಮೆಯಾಗುತ್ತದೆ. ಊರ ಜಾತ್ರೆಗಳಲ್ಲಿ ಹತ್ತಾರು ಹಾರ್ನುಗಳು ಒಂದೇ ಜೋಡಿ ತಂತಿಯಲ್ಲಿ ತೋರಣದಂತೆ ತೂಗಿ ಮಾತನಾಡುತ್ತಿದ್ದುದು ಈ ಉಪಾಯದ ಬಲದಿಂದ.

ದೂರವನ್ನು ಲೆಕ್ಕದಿಂದ ಗೆದ್ದರೂ ಹವೆಯನ್ನು ಗೆಲ್ಲುವುದಕ್ಕೆ ಕೈಯ ಶ್ರದ್ಧೆಯೇ ಬೇಕಾಗಿತ್ತು, ಮತ್ತು ಆ ಶ್ರದ್ಧೆಯನ್ನು ಕಲಿಸಿದ ಪಾಠಶಾಲೆ ಕಾಪುವಿನಂಥ ಕಡಲತಡಿಯ ಊರುಗಳು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಆಸುಪಾಸಿನಲ್ಲಿ ಬೀಸುವ ಉಪ್ಪುಗಾಳಿಯು ತೆರೆದ ತಾಮ್ರವನ್ನು ಬಹುಕಾಲ ಹೊಳೆಯಗೊಡುವುದಿಲ್ಲ. ಮೊದಲು ಕಪ್ಪಾಗಿ, ಅನಂತರ ಹಸಿರಾದ ಕಿಲುಬು ಹಿಡಿದು, ತಿರುಚಿದ ಗಂಟಿನೊಳಗೆ ಎಳೆ ಎಳೆಗೂ ನಡುವೆ ಅಡ್ಡಗೋಡೆಯನ್ನು ಎಬ್ಬಿಸುತ್ತದೆ. ಹೊರಗಿನಿಂದ ಗಂಟು ಗಟ್ಟಿಯಾಗಿ ಕಂಡರೂ ಒಳಗೆ ಪ್ರವಾಹವು ಕುಂಟುತ್ತದೆ, ಧ್ವನಿಯು ಕರಕರ ಸದ್ದಿನೊಡನೆ ಬಂದು ಬಂದು ಹೋಗುತ್ತದೆ. ಕಾಪುವಿನ ಮಾರಿಗುಡಿಗಳಲ್ಲಿ ವರುಷಕ್ಕೆ ಮೂರು ಸಲ, ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳಲ್ಲಿ ಮಾರಿಪೂಜೆ ನಡೆಯುತ್ತದೆ. ಸುಗ್ಗಿ ಮಾರಿಯ ಬಿಸಿಲಿನಲ್ಲಿ ನಡೆದ ತಂತಿಯೇ ಆಟಿ ಮಾರಿಯ ಜಡಿಮಳೆಯಲ್ಲಿಯೂ ನಡೆಯಬೇಕಾದಾಗ, ಗಂಟನ್ನು ಕೇವಲ ತಿರುಚಿ ಬಿಟ್ಟವನಿಗೂ, ಬೆಸುಗೆ ಹಾಕಿ ಟೇಪು ಸುತ್ತಿ ನೀರು ಇಳಿಯದಂತೆ ಕೆಳಮುಖವಾಗಿ ಬಾಗಿಸಿದವನಿಗೂ ಇರುವ ಅಂತರವು ಊರಿಗೆಲ್ಲ ಕೇಳಿಸುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ತಂತಿಯ ತುದಿಯನ್ನು ಒಂದಂಗುಲ ಕತ್ತರಿಸಿ ಹೊಸ ತಾಮ್ರವನ್ನು ತೆರೆದಿಡುವ ಪದ್ಧತಿ ಇಂಥ ಊರುಗಳ ಅನುಭವದಿಂದ ಬಂದ ವಿವೇಕ. ಇದನ್ನು ಯಾವ ಗ್ರಂಥವೂ ಕಲಿಸಲಿಲ್ಲ.

ಇನ್ನು ಮನೆಯ ಕಡೆಗೆ ಬರೋಣ. ನಮ್ಮ ಮನೆಗಳಿಗೆ ಮೊದಲು ಬಂದ ಧ್ವನಿಯಂತ್ರಗಳಲ್ಲಿ ಆಂಪ್ಲಿಫಯರೂ ಸ್ಪೀಕರೂ ಒಂದೇ ಮರದ ಪೆಟ್ಟಿಗೆಯೊಳಗೆ ಸಂಸಾರ ಹೂಡಿದ್ದುವು. ವಾಲ್ವು ರೇಡಿಯೋವನ್ನು ಕೊಂಡವನು ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಪರವಾನಗಿಯ ಶುಲ್ಕವನ್ನು ತೆತ್ತು, ಮದರಾಸನ್ನೋ ಧಾರವಾಡವನ್ನೋ ಸಿಲೋನನ್ನೋ ಹಿಡಿಯುತ್ತಿದ್ದನು; ಮಂಗಳೂರಿನಲ್ಲಿ ಆಕಾಶವಾಣಿಯ ನಿಲಯವು ಆರಂಭವಾದುದು 1976ರ ಡಿಸೆಂಬರಿನಲ್ಲಿ. ಆದರೆ ಆ ಹಳೆಯ ರೇಡಿಯೋಗಳಲ್ಲಿ ಎಷ್ಟೋ ಮಾದರಿಗಳ ಬೆನ್ನಿನಲ್ಲಿ ಎರಡು ಸಣ್ಣ ರಂಧ್ರಗಳಿದ್ದುವು. ಹೊರಗಿನ ಇನ್ನೊಂದು ಸ್ಪೀಕರಿಗೆ ತಂತಿಯನ್ನು ಜೋಡಿಸುವುದಕ್ಕೋಸುಗ ಮಾಡಿದ ಈ ರಂಧ್ರಗಳನ್ನು ಬಹುತೇಕ ಒಡೆಯರು ಗಮನಿಸಲಿಲ್ಲವಾದರೂ, ಹೋಟೆಲಿನವರು ಅವುಗಳ ಪ್ರಯೋಜನವನ್ನು ಚೆನ್ನಾಗಿ ಬಲ್ಲವರಾಗಿದ್ದರು: ರೇಡಿಯೋ ಗಲ್ಲಾಪೆಟ್ಟಿಗೆಯ ಬಳಿ ಯಜಮಾನನ ಕೈಗೆಟಕುವಂತಿದ್ದು, ವಾರ್ತೆಯೂ ಹಾಡೂ ಒಳಕೋಣೆಯ ಗೋಡೆಯ ಮೇಲಿನ ಪೆಟ್ಟಿಗೆಯಿಂದ ಗಿರಾಕಿಗಳಿಗೆ ಕೇಳಿಸುತ್ತಿದ್ದುವು. ಧ್ವನಿಯು ಹುಟ್ಟುವ ಸ್ಥಳವೂ ಕೇಳಿಸುವ ಸ್ಥಳವೂ ಬೇರೆಯಾಗಬಹುದೆಂಬುದನ್ನು ಚಾವಣಿಯ ಕೆಳಗೆ ಮೊದಲು ತೋರಿಸಿಕೊಟ್ಟದ್ದು ಈ ಎರಡು ರಂಧ್ರಗಳೇ ಎಂದು ನನ್ನ ಎಣಿಕೆ.

ಸ್ಟೀರಿಯೋ ವಿಧಾನವು ಜಗತ್ತಿಗೆ ಹೊಸದಲ್ಲ. ಇಂಗ್ಲೆಂಡಿನ ಅಲನ್ ಬ್ಲಮ್ಲೈನನು 1931ರಲ್ಲಿಯೇ ಅದರ ಪೇಟೆಂಟಿಗೆ ಅರ್ಜಿಯನ್ನು ಸಲ್ಲಿಸಿದ್ದನು. ಎರಡು ವಾಹಿನಿಗಳ ಗ್ರಾಮಫೋನು ತಟ್ಟೆಗಳು ಮಾರುಕಟ್ಟೆಗೆ ಬರುವುದಕ್ಕೆ 1958ರ ವರೆಗೆ ಕಾಯಬೇಕಾಯಿತು. ನಮ್ಮ ಕರಾವಳಿಯ ಸಾಮಾನ್ಯ ಗೃಹಸ್ಥನನ್ನು ಅದು ಮುಟ್ಟಿದುದು ತಟ್ಟೆಯ ಮೂಲಕವಲ್ಲ, ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಹೊರತಂದ ಕ್ಯಾಸೆಟ್ಟಿನ ಮೂಲಕ. ಅದೂ ಎಪ್ಪತ್ತು ಎಂಬತ್ತರ ದಶಕಗಳಲ್ಲಿ, ಎರಡು ದಾರಿಗಳಿಂದ. ಒಂದು, ಗಲ್ಫ್ ದೇಶಗಳ ದಾರಿ. ಬಹರೇನು, ಕುವೈತು, ದುಬಾಯಿಗಳಲ್ಲಿ ದುಡಿಯುತ್ತಿದ್ದ ಮಕ್ಕಳು ರಜೆಯಲ್ಲಿ ಬರುವಾಗ ಮುಂಬಯಿಯ ವಿಮಾನನಿಲ್ದಾಣದಲ್ಲಿ ಸುಂಕವನ್ನು ತೆತ್ತು, ಅಲ್ಲಿಂದ ರಾತ್ರಿ ಬಸ್ಸಿನ ಮಾಡಿನ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಹೇರಿಕೊಂಡು ಊರು ಸೇರುತ್ತಿದ್ದರು. ಜಪಾನಿನ ಆ ಸೆಟ್ಟುಗಳ ಹಿಂಬದಿಯಲ್ಲಿ ಸ್ಪ್ರಿಂಗಿನ ಸಣ್ಣ ಕ್ಲಿಪ್ಪುಗಳೂ, ಪೆಟ್ಟಿಗೆಯೊಳಗೆ ಕೂದಲಿನಂತೆ ತೆಳ್ಳಗಿನ ಜೋಡಿ ತಂತಿಗಳೂ ಇರುತ್ತಿದ್ದುವು. ಇನ್ನೊಂದು, ಸ್ವಂತ ತಯಾರಿಕೆಯ ದಾರಿ. ಉಡುಪಿ ಹೋಟೆಲುಗಳ ಬಂಧುತ್ವದಿಂದ ಮುಂಬಯಿ ನಮ್ಮವರಿಗೆ ಪರಸ್ಥಳವಾಗಿರಲಿಲ್ಲ. ಅಲ್ಲಿನ ಲ್ಯಾಮಿಂಗ್ಟನ್ ರಸ್ತೆಯಿಂದ 2ಎನ್3055 ಟ್ರಾನ್ಸಿಸ್ಟರುಗಳನ್ನೂ ಟಿಬಿಎ810 ಐಸಿಗಳನ್ನೂ ತರಿಸಿ, ದೆಹಲಿಯಿಂದ 1969ರಲ್ಲಿ ಹೊರಡಲಾರಂಭಿಸಿದ ‘ಇಲೆಕ್ಟ್ರಾನಿಕ್ಸ್ ಫಾರ್ ಯೂ’ ಮಾಸಿಕದಂಥವುಗಳಲ್ಲಿ ಪ್ರಕಟವಾಗುತ್ತಿದ್ದ ನಕ್ಷೆಗಳನ್ನು ಮುಂದಿಟ್ಟುಕೊಂಡು, ರೇಡಿಯೋ ರಿಪೇರಿಯವರು ಆಂಪ್ಲಿಫಯರನ್ನು ಕಟ್ಟಿಕೊಡುತ್ತಿದ್ದರು. ಊರ ಆಚಾರಿಯು ಹಲಸಿನ ಹಲಗೆಯಲ್ಲೋ ಪ್ಲೈವುಡ್ಡಿನಲ್ಲೋ ಸ್ಪೀಕರಿನ ಪೆಟ್ಟಿಗೆಯನ್ನು ಕಟ್ಟುತ್ತಿದ್ದನು.

ಮಣಿಪಾಲವನ್ನು ಇಲ್ಲಿ ಬಿಡುವಂತಿಲ್ಲ. 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದ ಬಳಿಕ, ಮುರಕಲ್ಲಿನ ಆ ಬೋಳುಗುಡ್ಡಕ್ಕೆ ದೇಶದ ನಾನಾ ಭಾಗಗಳಿಂದಲೂ ಪರದೇಶಗಳಿಂದಲೂ ತರುಣರು ಬಂದು ನೆಲಸಿದರು. ಅವರ ಸಂಗಡ ಅವರ ಸಂಗೀತವೂ, ಸಂಗೀತವನ್ನು ಕೇಳುವ ಯಂತ್ರಗಳೂ ಬಂದುವು. ಓದು ಮುಗಿಸಿ ಊರಿಗೆ ಮರಳುವವರು ಭಾರವಾದುದನ್ನು ಇಲ್ಲಿಯೇ ಮಾರಿ ಹೋಗುವುದು ವಾಡಿಕೆಯಾದುದರಿಂದ, ಒಳ್ಳೆಯ ಸ್ಪೀಕರು ಜೋಡಿಗಳು ಅಲ್ಪಬೆಲೆಗೆ ಸುತ್ತಲಿನ ಮನೆಗಳನ್ನು ಸೇರಿದುವು. ತಂತಿ ಮಾತ್ರ ಅವುಗಳ ಜತೆಯಲ್ಲಿ ಬರುವುದು ಅಪೂರ್ವ. ತಂತಿಗಾಗಿ ಉಡುಪಿಯ ಇಲೆಕ್ಟ್ರಿಕಲ್ ಅಂಗಡಿಗೇ ಹೋಗಬೇಕು. ಎಳೆಯುವುದಕ್ಕೆ ಮೈಕ್ ಸೆಟ್ಟಿನಲ್ಲಿ ಪಳಗಿದ ಮನುಷ್ಯನನ್ನೇ ಕರೆಯಬೇಕು.

ಬಯಲಿನ ವಿದ್ಯೆಯು ಚಾವಡಿಗೆ ಕಾಲಿಟ್ಟುದು ಹೀಗೆ. ಹಾರ್ನುಗಳಿಗೆ ನೂರಾರು ಮೀಟರು ಎಳೆದವನಿಗೆ ಮನೆಯ ಹತ್ತು ಮೀಟರು ಆಟದ ಮಾತಾಗಿ ಕಾಣಬಹುದಾಗಿತ್ತು. ಆದರೆ ಮನೆಯಲ್ಲಿ 100 ವೋಲ್ಟಿನ ಲೈನಿನ ಆಸರೆಯಿಲ್ಲ, 8 ಅಥವಾ 4 ಓಮಿನ ಸ್ಪೀಕರಿಗೆ ಪ್ರವಾಹವು ನೇರವಾಗಿ ಹರಿಯಬೇಕು. ಸೆಟ್ಟಿನ ಜತೆಗೆ ಬರುತ್ತಿದ್ದ ಮೀಟರುದ್ದದ ಎಳೆಯನ್ನು ಕಿತ್ತೆಸೆದು, ಅಗ್ಗದ 14/36 ತಂತಿಯನ್ನು ಹತ್ತು ಮೀಟರು ದೂರಕ್ಕೆ ಎಳೆದರೆ ಹೋಗಿಬರುವ ದಾರಿಯ ಪ್ರತಿರೋಧ ಸುಮಾರು 0.84 ಓಮಾಗುತ್ತದೆ, 8 ಓಮಿನ ಸ್ಪೀಕರಿನಲ್ಲಿ ಹತ್ತರಲ್ಲೊಂದರಷ್ಟು ಶಕ್ತಿಯೂ, 4 ಓಮಿನದರಲ್ಲಿ ಆರರಲ್ಲೊಂದರಷ್ಟು ಶಕ್ತಿಯೂ ತಂತಿಯ ಪಾಲಾಗುತ್ತದೆ. ಧ್ವನಿ ತುಸು ಕುಗ್ಗುವುದು ದೊಡ್ಡ ದೋಷವಲ್ಲ, ಗುಂಡಿಯನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು. ನಿಜವಾದ ದೋಷವು ಬೇರೆಡೆಯಲ್ಲಿದೆ. ಸ್ಪೀಕರಿನ ಪ್ರತಿರೋಧವು ಎಲ್ಲ ಸ್ವರಗಳಿಗೂ ಒಂದೇ ಆಗಿರದೆ, ಸ್ವರ ಸ್ವರಕ್ಕೂ ಏರಿಳಿಯುವುದರಿಂದ ತಂತಿಯು ಕೆಲವು ಸ್ವರಗಳನ್ನು ಹೆಚ್ಚಾಗಿಯೂ ಕೆಲವನ್ನು ಕಡಿಮೆಯಾಗಿಯೂ ನುಂಗುತ್ತದೆ. ಮೃದಂಗದ ಪೆಟ್ಟಿನ ಬಳಿಕ ಸ್ಪೀಕರಿನ ಕಾಗದದ ಶಂಕುವನ್ನು ಒಡನೆಯೇ ತಡೆದು ನಿಲ್ಲಿಸುವ ಆಂಪ್ಲಿಫಯರಿನ ಹಿಡಿತವೂ ಸಡಿಲವಾಗುತ್ತದೆ. 40/36 ತಂತಿಯನ್ನು ಹಾಕಿದರೆ ಅದೇ ಹತ್ತು ಮೀಟರಿಗೆ 0.3 ಓಮಿಗಿಂತ ಹೆಚ್ಚಾಗದು. ಹತ್ತಿರದ ಪೆಟ್ಟಿಗೆಗೆ ಮೋಟುತಂತಿ, ದೂರದ್ದಕ್ಕೆ ಉದ್ದದ್ದು ಎಂದು ಜಿಪುಣತನ ಮಾಡದೆ ಎರಡಕ್ಕೂ ಒಂದೇ ಅಳತೆಯ ದಪ್ಪ ತಂತಿಯನ್ನು ಎಳೆಯುತ್ತಿದ್ದ ಹಿರಿಯ ಕೆಲಸಗಾರರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರಲ್ಲ. ತಂತಿ ಬೆಚ್ಚಗಾಗುವುದನ್ನು ಕೈಯಿಂದ ಮುಟ್ಟಿ ತಿಳಿದವರು ಅವರು.

ದಪ್ಪಕ್ಕಿಂತಲೂ ಮುಖ್ಯವಾದುದು ಎಳೆಗಳ ಕೆಂಪು ಕಪ್ಪುಗಳ ಹೊಂದಾಣಿಕೆ. ಒಂದು ಪೆಟ್ಟಿಗೆಯ ತಂತಿಗಳು ಅದಲುಬದಲಾದರೆ ಒಂದು ಶಂಕುವು ಮುಂದೆ ನೂಕುವಾಗ ಇನ್ನೊಂದು ಹಿಂದೆ ಸರಿದು, ಮಂದ್ರಸ್ವರಗಳು ಗಾಳಿಯಲ್ಲಿಯೇ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ತಂತಿಯ ಮೇಲೆ ಬಣ್ಣದ ಗುರುತು ಮಾಸಿದ್ದಾಗ ನಮ್ಮ ರಿಪೇರಿಯವರು ಮಾಡುತ್ತಿದ್ದ ಪರೀಕ್ಷೆ ಒಂದೂವರೆ ವೋಲ್ಟಿನ ಟಾರ್ಚುಸೆಲ್ಲಿನದು: ಸೆಲ್ಲಿನ ತುದಿಗಳನ್ನು ತಂತಿಗೆ ಕ್ಷಣಮಾತ್ರ ತಾಗಿಸಿ, ಶಂಕುವು ಹೊರಕ್ಕೆ ಚಿಮ್ಮಿತೇ ಒಳಕ್ಕೆ ಸರಿಯಿತೇ ಎಂದು ನೋಡಿ, ಎರಡು ಪೆಟ್ಟಿಗೆಗಳೂ ಒಂದೇ ಬಗೆಯಲ್ಲಿ ಚಲಿಸುವಂತೆ ಕಟ್ಟುವುದು. ಅದರ ಮುಂದಿನ ಪರೀಕ್ಷೆಯು ಕಿವಿಯದು. ಅದಕ್ಕೆ ತಾಳಮದ್ದಳೆಯ ಕ್ಯಾಸೆಟ್ಟಿಗಿಂತ ಉತ್ತಮವಾದ ಸಾಧನವನ್ನು ನಾನು ಕಾಣೆ. ಶೇಣಿ ಗೋಪಾಲಕೃಷ್ಣ ಭಟ್ಟರೋ ಮಲ್ಪೆ ರಾಮದಾಸ ಸಾಮಗರೋ ಅರ್ಥ ಹೇಳಿದ ಆ ಕಾಲದ ಧ್ವನಿಮುದ್ರಣವು ಒಂದೇ ವಾಹಿನಿಯದಾಗಿದ್ದರೆ, ಎರಡು ಪೆಟ್ಟಿಗೆಗಳಿಗೂ ಸಮದೂರದಲ್ಲಿ ಕುಳಿತವನಿಗೆ ಅರ್ಥಧಾರಿಯು ಪೆಟ್ಟಿಗೆಗಳಲ್ಲಿರದೆ ಅವೆರಡರ ನಡುವಣ ಬರಿಯ ಗೋಡೆಯ ಮುಂದೆ ಕುಳಿತು ಮಾತನಾಡಿದಂತೆ ಕೇಳಿಸಬೇಕು. ತಂತಿ ತಪ್ಪಾಗಿದ್ದರೆ ಆ ಮಾತಿಗೆ ನೆಲೆಯೇ ಇರುವುದಿಲ್ಲ. ಶಬ್ದವು ಕಿವಿಗಳ ಎರಡು ಪಕ್ಕಗಳಲ್ಲಿ ಚೆಲ್ಲಿ ಹೋಗಿ, ಕಂಠದ ಗಾಂಭೀರ್ಯವು ಕರಗುತ್ತದೆ. ಎರಡೇ ಸ್ಕ್ರೂಗಳನ್ನು ಅದಲುಬದಲು ಮಾಡಿದ ಮಾತ್ರಕ್ಕೆ ಅದೃಶ್ಯನಾದ ಆ ವಾಗ್ಮಿಯು ಚಾವಡಿಯ ನಡುವೆ ಪ್ರತ್ಯಕ್ಷನಾಗುವ ಅನುಭವವು ನನಗಂತೂ ಪ್ರತಿ ಸಲವೂ ರೋಮಾಂಚನವನ್ನುಂಟುಮಾಡುತ್ತದೆ.

ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಅಪಘಾತದಲ್ಲಿ ತೀರಿಕೊಂಡಾಗ ಅವರ ಕಂಠವನ್ನು ಉಳಿಸಿಕೊಂಡುದು ಮನೆಮನೆಗಳ ಕ್ಯಾಸೆಟ್ಟುಗಳು. ಬಯಲಿನಲ್ಲಿ ಮೈಕಿನ ಮುಂದೆ ಹಾಡಿದುದನ್ನೇ ಮುದ್ರಿಸಿಕೊಂಡ ಆ ಸುರುಳಿಗಳನ್ನು ಚಾವಡಿಯಲ್ಲಿ ಕೇಳುವಾಗ, ಬಯಲಿನ ತಂತಿಯೂ ಚಾವಡಿಯ ತಂತಿಯೂ ಒಂದೇ ಧ್ವನಿಯ ಎರಡು ದಾರಿಗಳಾದುವು. ಇದೇ ಅವಧಿಯಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಿಂದಲೂ ಫೋರ್ಡ್ ಪ್ರತಿಷ್ಠಾನದ ನೆರವಿನಿಂದಲೂ ನಡೆದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಯಕ್ಷಗಾನ, ಭೂತಾರಾಧನೆ, ಪಾಡ್ದನಗಳನ್ನು ಕ್ರಮಬದ್ಧವಾಗಿ ಧ್ವನಿಮುದ್ರಿಸತೊಡಗಿತು. ಅಷ್ಟು ಶ್ರಮದಿಂದ ಸಂಗ್ರಹಿಸಿದ ನಾದವು ಕೊನೆಯ ಐದಾರು ಮೀಟರುಗಳಲ್ಲಿ, ಕಿಲುಬು ಹಿಡಿದ ಗಂಟಿನಿಂದಾಗಿ ಕೆಡುವುದೆಂದರೆ ಅದು ಚಿಕ್ಕ ನಷ್ಟವಲ್ಲ.

ಪೂರ್ವಕ್ಕೆ ಸರಿದು ಕಾರ್ಕಳಕ್ಕೆ ಬಂದರೆ ತಂತಿಯ ಶತ್ರು ಬೇರೆ. 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನು ನಿಂತ ಬಂಡೆಯ ಬೆಟ್ಟದ ಸುತ್ತಮುತ್ತ, ಘಟ್ಟದ ಬುಡದಲ್ಲಿ, ಮುಂಗಾರಿನ ಮೊದಲೂ ಹಿಂಗಾರಿನಲ್ಲೂ ಸಿಡಿಲಿನ ಆರ್ಭಟ ಹೆಚ್ಚು. ಹತ್ತಿರದಲ್ಲಿ ಬಿದ್ದ ಸಿಡಿಲು ಉದ್ದದ ತಂತಿಗಳಲ್ಲಿ ಕ್ಷಣಕಾಲ ಪ್ರಬಲವಾದ ಪ್ರವಾಹವನ್ನು ಪ್ರೇರೇಪಿಸಿ ಆಂಪ್ಲಿಫಯರಿನ ಟ್ರಾನ್ಸಿಸ್ಟರುಗಳನ್ನು ಸುಡಬಲ್ಲುದು. ಆದುದರಿಂದ ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಆಂಟೆನಾವನ್ನೂ ಕಳಚುವುದು ಇಲ್ಲಿಯ ಮನೆಗಳ ಅಭ್ಯಾಸ. ತೋಟದ ಆಚೆಯ ಕೊಟ್ಟಿಗೆಗೋ ಮಹಡಿಗೋ ಸ್ಪೀಕರನ್ನು ಎಳೆದವರು ಆ ತಂತಿಯನ್ನೂ ಕಳಚಬೇಕಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳ ತೇವದಲ್ಲಿ ಕಾಗದದ ಶಂಕುಗಳಿಗೆ ಬೂಷ್ಟು ಹಿಡಿಯುವುದು, ಪೆಟ್ಟಿಗೆಗೆ ಗೆದ್ದಲು ಹತ್ತುವುದು, ಮಾಡಿನ ಇಲಿಗಳು ತಂತಿಯ ರಬ್ಬರನ್ನು ಕಡಿಯುವುದು, ಇವೂ ಇದ್ದದ್ದೇ.

ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಸ್ಪೀಕರು ತಯಾರಕರು ಒಂದು ಹೊಸ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅದರ ಹೆಸರು ಬೈ-ವೈರಿಂಗ್. ಪೆಟ್ಟಿಗೆಯ ಬೆನ್ನಿನಲ್ಲಿ ಎರಡರ ಬದಲು ನಾಲ್ಕು ತಿರುಪುಗಳು; ಅವುಗಳನ್ನು ಕೂಡಿಸುವ ಲೋಹದ ಪಟ್ಟಿಯನ್ನು ತೆಗೆದರೆ ಮಂದ್ರಸ್ವರದ ವೂಫರಿಗೂ ತಾರಸ್ವರದ ಟ್ವೀಟರಿಗೂ ಆಂಪ್ಲಿಫಯರಿನಿಂದಲೇ ಪ್ರತ್ಯೇಕವಾದ ತಂತಿಗಳನ್ನು ತರಬಹುದು. ಮಣಿಪಾಲದ ವಿದ್ಯಾರ್ಥಿಗಳ ಮೂಲಕವೂ ಗಲ್ಫಿನಿಂದ ಮರಳಿದವರ ಮೂಲಕವೂ ಈ ಪದ್ಧತಿಯು ನಮ್ಮಲ್ಲಿಗೂ ಬಂದಿತು. ಇದರಿಂದ ಸ್ವರವು ನಿರ್ಮಲವಾಗುತ್ತದೆಂದು ದೃಢವಾಗಿ ನಂಬಿದವರು ಇದ್ದಾರೆ. ಅವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೂ ವಿಚಾರಮಾಡಿ ನೋಡಿದರೆ, ನಾಲ್ಕು ಎಳೆಗಳೂ ಆಂಪ್ಲಿಫಯರಿನ ಕಡೆಯಲ್ಲಿ ಅವೇ ಎರಡು ತಿರುಪುಗಳನ್ನು ಸೇರುವುದರಿಂದ, ಎರಡು ದಾರಿಗಳ ನಡುವೆ ಭೇದವೇನಾದರೂ ಹುಟ್ಟಬೇಕಾದರೆ ಅದು ತಂತಿಯೊಳಗೆ ಉಂಟಾಗುವ ಅಲ್ಪ ವೋಲ್ಟೇಜು ನಷ್ಟದಿಂದಲೇ ಹುಟ್ಟಬೇಕು. ತಂತಿಯು ದಪ್ಪವಾಗಿಯೂ ಮೋಟಾಗಿಯೂ ಇದ್ದರೆ ಆ ನಷ್ಟವೇ ನಗಣ್ಯವಾಗುತ್ತದೆ. ಅಮೆರಿಕದಲ್ಲಿ 1979ರಲ್ಲಿ ಮಾನ್ಸ್ಟರ್ ಕೇಬಲ್ ಸಂಸ್ಥೆಯು ಹುಟ್ಟಿದಂದಿನಿಂದ ಸ್ಪೀಕರು ತಂತಿಯೇ ಪ್ರತ್ಯೇಕವಾದ ವ್ಯಾಪಾರದ ಸರಕಾಗಿ, ಆಂಪ್ಲಿಫಯರಿಗೆ ಸಮನಾದ ಬೆಲೆಯ ತಂತಿಗಳೂ ಬಂದಿವೆ. ತಾಮ್ರದ ಶುದ್ಧಿಗೆ ಕೊಟ್ಟ ಹಣದ ಒಂದು ಅಂಶವನ್ನು ಗಂಟಿನ ಶುದ್ಧಿಗೆ ಕೊಟ್ಟಿದ್ದರೆ ಕಡಲತಡಿಯ ಮನೆಯಲ್ಲಿ ಹೆಚ್ಚಿನ ಫಲ ದೊರೆಯುತ್ತಿತ್ತೆಂದು, ಕಾಪುವಿನ ಗಾಳಿಯನ್ನು ಬಲ್ಲ ಯಾರಾದರೂ ಹೇಳಿಯಾರು.

ಈಗ ಆಂಪ್ಲಿಫಯರು ಮತ್ತೆ ಸ್ಪೀಕರಿನ ಪೆಟ್ಟಿಗೆಯೊಳಗೆ ಹೊಕ್ಕುಕೊಂಡಿದೆ. ಮೇಳಗಳ ಸಂಗಡ ತಿರುಗುವ ಸೆಟ್ಟುಗಳಲ್ಲಿಯೂ ಹಾರ್ನುಗಳ ಸ್ಥಾನವನ್ನು ಇಂಥ ಎತ್ತರದ ಪೆಟ್ಟಿಗೆಗಳು ಆಕ್ರಮಿಸಿವೆ. ತಂತಿಯು ಶಕ್ತಿಯನ್ನು ಹೊರುವ ಕೆಲಸವನ್ನು ಬಿಟ್ಟು ಕೇವಲ ಸಂಕೇತವನ್ನು ಒಯ್ಯುತ್ತದೆ, ಮನೆಗಳಲ್ಲಿ ಆ ಸಂಕೇತವೂ ಬ್ಲೂಟೂತಿನ ಮೂಲಕ ಗಾಳಿಯಲ್ಲಿಯೇ ಬರುತ್ತದೆ. ಆದರೆ ಪ್ರತಿಯೊಂದು ಪೆಟ್ಟಿಗೆಗೂ ಕರೆಂಟು ಬೇಕಾದುದರಿಂದ ಮೈಕ್ ಸೆಟ್ಟಿನವರು ಆಟದ ಗದ್ದೆಯಲ್ಲಿ ಇಂದಿಗೂ ಎರಡು ಬಗೆಯ ತಂತಿಗಳನ್ನು ಜತೆ ಜತೆಯಾಗಿ ಹುಣಿಯ ಮೇಲೆ ಎಳೆಯುತ್ತಾರೆ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಕರೆಂಟಿನ ಗುಂಯ್ ಎಂಬ ಸದ್ದು ಸಂಕೇತದೊಳಗೆ ಸೇರುವುದೆಂದು ಅವುಗಳ ನಡುವೆ ಒಂದು ಮಾರಿನ ಅಂತರವನ್ನು ಬಿಡುತ್ತಾರೆ, ಅಡ್ಡಹಾಯಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸುತ್ತಾರೆ.